ಸೊನ್ನೆ ಸೋಲಿನ ಲೆಕ್ಕ: ಹೆವಿವೇಟ್ ಬಾಕ್ಸರ್‌ಗಳ ರ‍್ಯಾಂಕಿಂಗ್ ಹೆಂಗೆ ಓದಬೇಕು?

ಹೆವಿವೇಟ್ ಬಾಕ್ಸಿಂಗ್‌ನಲ್ಲಿ ಸಾರ್ವಕಾಲಿಕ ಶ್ರೇಷ್ಠ ಯಾರು ಅನ್ನೋ ವಾದ ಎದ್ದಾಗ ಯಾರಾದರೂ ಒಬ್ಬರು ಒಂದೇ ಒಂದು ಸಂಖ್ಯೆ ಹೇಳಿ ಚರ್ಚೆ ಮುಗಿಸಲು ನೋಡುತ್ತಾರೆ: 49–0. ಅದು ರಾಕಿ ಮಾರ್ಸಿಯಾನೊನ ದಾಖಲೆ. 49 ಪಂದ್ಯ, 49 ಗೆಲುವು, ಅದರಲ್ಲಿ 43 ನಾಕೌಟ್. 1952ರಿಂದ 1956ರವರೆಗೆ ಚಾಂಪಿಯನ್ ಆಗಿದ್ದು, ಸೋಲೇ ಇಲ್ಲದೆ ನಿವೃತ್ತನಾದ. ಮುಹಮ್ಮದ್ ಅಲಿ 61 ಪಂದ್ಯದಲ್ಲಿ 5 ಸೋತ. ಜೋ ಲೂಯಿಸ್ 69ರಲ್ಲಿ 3 ಸೋತ. ಸೋಲಿನ ಕಾಲಮ್ ಒಂದನ್ನೇ ನೋಡಿ ಸಾರ್ಟ್ ಮಾಡಿದರೆ ಮಾರ್ಸಿಯಾನೊ ಮೇಲೆ, ಲೂಯಿಸ್ ಆಮೇಲೆ, ಅಲಿ ಇನ್ನೂ ಕೆಳಗೆ. ಆದರೆ ಪರಿಣಿತರು ಮಾಡಿದ ಯಾವುದೇ ಪಟ್ಟಿ ತೆಗೆದುಕೊಂಡರೂ ಹೆಚ್ಚಾಗಿ ಅಲಿ ಮತ್ತು ಲೂಯಿಸ್ ಮೊದಲ ಎರಡು ಜಾಗದಲ್ಲಿ ಕೂತಿರುತ್ತಾರೆ. ಮಾರ್ಸಿಯಾನೊ ಅವರ ಕೆಳಗೆಲ್ಲೋ ಇರುತ್ತಾನೆ. ಹಂಗಾದರೆ ಪಟ್ಟಿ ಮಾಡೋರು ಸೋಲನ್ನು ಲೆಕ್ಕಕ್ಕೇ ಹಿಡಿಯೋದಿಲ್ಲವೇ? ಹಿಡಿಯುತ್ತಾರೆ. ಎಣಿಸುವುದಿಲ್ಲ, ತೂಗುತ್ತಾರೆ. ಈ ತೂಕ ಹೇಗೆ ನಡೆಯುತ್ತದೆ ಅನ್ನೋದೇ ಈ ಲೇಖನದ ವಿಷಯ.

ಈ ತೂಕದ ಲೆಕ್ಕ ನಮ್ಮ ಕಡೆಯವರಿಗೆ ಹೊಸದೇನಲ್ಲ. ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆಯ ಜಾತ್ರೆಗಳಲ್ಲಿ ಕುಸ್ತಿ ನೋಡಿದವರಿಗೆ ಗೊತ್ತು, ಕಣಕ್ಕೆ ಇಳಿದ ಪೈಲವಾನರಿಗೆ ಜೋಡಿ ಹಚ್ಚುವುದು ಊರ ಹಿರಿಯರು. ಅವರ ಹತ್ತಿರ ಎಕ್ಸೆಲ್ ಶೀಟ್ ಇರೋದಿಲ್ಲ. ಒಬ್ಬ ಹುಡುಗ ಹೋದ ವರ್ಷ ಬಿದ್ದಿದ್ದ ಅಂದರೆ ಅವರು ಕೇಳುವ ಮೊದಲ ಪ್ರಶ್ನೆ "ಎಷ್ಟು ಸಲ ಬಿದ್ದಾನ?" ಅಲ್ಲ, "ಯಾರ ಕೈಯಾಗ ಬಿದ್ದಾನ?" ಎರಡನೆಯದು, "ಎಷ್ಟೊತ್ತು ಹಿಡಿದಿದ್ದ?" ಕಡೇ ಕುಸ್ತಿಯ ಪೈಲವಾನನ ಜೊತೆ ಕಾಲು ತಾಸು ಹಿಡಿದು ಬಿದ್ದವನಿಗೆ ಮುಂದಿನ ವರ್ಷ ಮೇಲಿನ ಜೋಡಿ ಸಿಗುತ್ತದೆ. ತೆಂಗಿನಕಾಯಿ ಕುಸ್ತಿಯನ್ನೇ ಹತ್ತು ಸಲ ಗೆದ್ದವನು ಅಲ್ಲೇ ಇರುತ್ತಾನೆ.

ಹಿರಿಯರ ಈ ಪ್ರಶ್ನೆಗೆ ಗಣಿತದ ರೂಪ ಕೊಟ್ಟವರು ಅರ್ಪಾಡ್ ಎಲೋ. ಹಂಗೇರಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಪ್ರೊಫೆಸರ್, ಒಳ್ಳೆ ಚೆಸ್ ಆಟಗಾರ. ಅವರ ಪದ್ಧತಿಯನ್ನು ಅಮೆರಿಕದ ಚೆಸ್ ಫೆಡರೇಶನ್ 1960ರಲ್ಲಿ, ವಿಶ್ವ ಚೆಸ್ ಸಂಸ್ಥೆ 1970ರಲ್ಲಿ ಒಪ್ಪಿಕೊಂಡವು. ಚೆಸ್ ಆಡುವ ನಮ್ಮ ಗೆಳೆಯರು ದಿನಾ ಮೊಬೈಲ್‌ನಲ್ಲಿ ನೋಡಿ ಬೇಜಾರಾಗುವ ರೇಟಿಂಗ್ ಇದೇ ಜಾತಿಯದು. ಸೂತ್ರ ಸಣ್ಣದು:

ನಿರೀಕ್ಷಿತ ಅಂಕ = 1 ÷ (1 + 10^(ಅಂತರ ÷ 400))

ಇಲ್ಲಿ ಅಂತರ ಅಂದರೆ ಎದುರಾಳಿಯ ರೇಟಿಂಗ್‌ನಿಂದ ನಮ್ಮ ರೇಟಿಂಗ್ ಕಳೆದದ್ದು. ಇಬ್ಬರೂ ಸಮ ಇದ್ದರೆ ನಿರೀಕ್ಷೆ 0.5. ನಾವು 200 ಅಂಕ ಮೇಲಿದ್ದರೆ ಸುಮಾರು 0.76. 400 ಮೇಲಿದ್ದರೆ ಸುಮಾರು 0.91. ಪಂದ್ಯ ಮುಗಿದ ಮೇಲೆ ನಿಜವಾದ ಫಲಿತಾಂಶದಿಂದ (ಗೆದ್ದರೆ 1, ಸೋತರೆ 0) ಈ ನಿರೀಕ್ಷೆಯನ್ನು ಕಳೆದು ಒಂದು ಸ್ಥಿರಾಂಕದಿಂದ ಗುಣಿಸಿ ರೇಟಿಂಗ್‌ಗೆ ಸೇರಿಸುತ್ತಾರೆ. ಆ ಸ್ಥಿರಾಂಕ 32 ಅಂತ ಇಟ್ಟುಕೊಳ್ಳೋಣ. ಸಮಬಲದವನ ಕೈಲಿ ಸೋತರೆ 16 ಅಂಕ ಹೋಗುತ್ತದೆ. ನಮಗಿಂತ 400 ಮೇಲಿನವನ ಕೈಲಿ ಸೋತರೆ 3 ಅಂಕವೂ ಹೋಗೋದಿಲ್ಲ. 400 ಕೆಳಗಿನವನ ಕೈಲಿ ಸೋತರೆ 29 ಅಂಕ ಢಮಾರ್. ಅದೇ 400 ಕೆಳಗಿನವನನ್ನು ಗೆದ್ದರೆ ಸಿಗೋದು ಮೂರಕ್ಕಿಂತ ಕಡಿಮೆ. ಅಂದರೆ ದುರ್ಬಲರ ಮೇಲಿನ ಹತ್ತು ಗೆಲುವು ಕೂಡಿದರೆ ಅಂಥ ಒಂದು ಸೋಲಿಗೆ ಸಮ. ಕಂಟ್ರೋಲ್ ಸಿಸ್ಟಮ್ಸ್ ಓದಿದವರಿಗೆ ಇದು ಬರೀ ಫೀಡ್‌ಬ್ಯಾಕ್ ಲೂಪ್. ಎರರ್ ಸಿಗ್ನಲ್ ಎಷ್ಟು ದೊಡ್ಡದೋ ತಿದ್ದುಪಡಿ ಅಷ್ಟು ದೊಡ್ಡದು.

ಇದಕ್ಕೆ ಬಾಕ್ಸಿಂಗ್‌ನ ಅತಿ ಪ್ರಸಿದ್ಧ ಉದಾಹರಣೆ 1990ರ ಫೆಬ್ರವರಿ 11, ಟೋಕಿಯೊ. ಮೈಕ್ ಟೈಸನ್ ಅಲ್ಲಿಗೆ ಬಂದಾಗ 37–0. ಎದುರಿಗೆ ಬಸ್ಟರ್ ಡಗ್ಲಸ್. ಲಾಸ್ ವೇಗಾಸ್‌ನ ಮಿರಾಜ್ ಕ್ಯಾಸಿನೊ ಡಗ್ಲಸ್ ಮೇಲೆ 42ಕ್ಕೆ 1 ಬಾಜಿ ಕೊಟ್ಟಿತ್ತು. ಅದನ್ನು ಎಲೋ ಸೂತ್ರಕ್ಕೆ ತಿರುಗಿಸಿದರೆ ಇಬ್ಬರ ನಡುವೆ ಸುಮಾರು 650 ಅಂಕದ ಅಂತರ. ಟೈಸನ್ ಗೆದ್ದಿದ್ದರೆ ಅವನಿಗೆ ಒಂದು ಅಂಕವೂ ಸಿಗುತ್ತಿರಲಿಲ್ಲ. ಹತ್ತನೇ ಸುತ್ತಿನಲ್ಲಿ ನಾಕೌಟ್ ಆಗಿ ಸೋತದ್ದಕ್ಕೆ 31 ಹೋಗುತ್ತದೆ. ಇವತ್ತಿಗೂ ಟೈಸನ್‌ನನ್ನು ಮೊದಲ ಐದರಲ್ಲಿ ಇಡೋರಿಗೂ ಹತ್ತರ ಆಚೆ ಇಡೋರಿಗೂ ಜಗಳ ಶುರುವಾಗುವುದು ಆ ರಾತ್ರಿಯಿಂದಲೇ.

ಈಗ ಸೊನ್ನೆಗೆ ಬರೋಣ. ಒಬ್ಬ ಬಾಕ್ಸರ್‌ಗೆ ಪ್ರತಿ ಪಂದ್ಯದಲ್ಲೂ ಗೆಲ್ಲುವ ಸಂಭವನೀಯತೆ 95% ಇದೆ ಅಂದುಕೊಳ್ಳಿ. 49 ಪಂದ್ಯ ಒಂದೂ ಸೋಲದೆ ಮುಗಿಸುವ ಸಂಭವನೀಯತೆ 0.95ರ 49ನೇ ಘಾತ, ಅಂದರೆ ಸುಮಾರು 8%. ಅದು 90% ಆದರೆ ಉತ್ತರ ಅರ್ಧ ಪರ್ಸೆಂಟ್‌ನ ಆಸುಪಾಸು. 99% ಆದರೆ 61%. ಇದರಿಂದ ಏನು ತಿಳಿಯುತ್ತದೆ? ಸೊನ್ನೆ ಉಳಿಸಿಕೊಳ್ಳಲು ಎರಡು ದಾರಿ ಇವೆ. ಒಂದು, ನಿಜಕ್ಕೂ ಎಲ್ಲರಿಗಿಂತ ಬಹಳ ಮೇಲಿರುವುದು. ಇನ್ನೊಂದು, ಪ್ರತಿ ಪಂದ್ಯದ ಸಂಭವನೀಯತೆ 99% ಆಗುವಂಥ ಎದುರಾಳಿಗಳನ್ನು ಆರಿಸಿಕೊಳ್ಳುವುದು. ಬರೀ 49–0 ಅಂತ ಬರೆದರೆ ಇವೆರಡರಲ್ಲಿ ಯಾವುದು ಅಂತ ಗೊತ್ತಾಗೋದೇ ಇಲ್ಲ.

ಮಾರ್ಸಿಯಾನೊ ವಿಷಯದಲ್ಲಿ ಸತ್ಯ ಎರಡರ ನಡುವೆ ಎಲ್ಲೋ ಇದೆ. ಅವನು ಯಾರಿಗೂ ಹೆದರಿ ಓಡಿದವನಲ್ಲ. ಆದರೆ ಅವನ ದೊಡ್ಡ ಗೆಲುವುಗಳ ಹೆಸರು ನೋಡ್ರಿ: ಜೋ ಲೂಯಿಸ್, ಆಗ ವಯಸ್ಸು 37. ಜೆರ್ಸಿ ಜೋ ವಾಲ್ಕಾಟ್, 38. ಆರ್ಚಿ ಮೂರ್, ನಲವತ್ತರ ಆಸುಪಾಸು. 1952ರ ಸೆಪ್ಟೆಂಬರ್ 23ರಂದು ಫಿಲಡೆಲ್ಫಿಯಾದಲ್ಲಿ ವಾಲ್ಕಾಟ್ ಎದುರು ಮೂವರೂ ತೀರ್ಪುಗಾರರ ಲೆಕ್ಕದಲ್ಲಿ ಹಿಂದಿದ್ದ ಮಾರ್ಸಿಯಾನೊ 13ನೇ ಸುತ್ತಿನಲ್ಲಿ ಒಂದೇ ಒಂದು ಬಲಗೈ ಹೊಡೆತದಿಂದ ಚಾಂಪಿಯನ್ ಆದ. ಆ ಹೊಡೆತ ಒಂದು ಇಂಚು ತಪ್ಪಿದ್ದರೆ ನಾವು ಇವತ್ತು ಸೊನ್ನೆಯ ಬಗ್ಗೆ ಮಾತಾಡುತ್ತಲೇ ಇರಲಿಲ್ಲ. ಆದರೆ ಮಾರ್ಸಿಯಾನೊನ ಶಕ್ತಿ, ದಮ್ಮು, ಹಟ ಒಂದು ತೂಕವೂ ಕಡಿಮೆ ಆಗುತ್ತಿರಲಿಲ್ಲ. (ಅಂದಹಾಗೆ ಅವನ ತೂಕ 84 ಕೆಜಿಯ ಆಸುಪಾಸು. ಇವತ್ತಿನ ನಿಯಮದ ಪ್ರಕಾರ ಹೆವಿವೇಟ್ ಆಗಲು 200 ಪೌಂಡ್, ಅಂದರೆ ಹತ್ತಿರ ಹತ್ತಿರ 91 ಕೆಜಿ ದಾಟಬೇಕು. ಇವತ್ತು ಹುಟ್ಟಿದ್ದರೆ ಈ ಪಟ್ಟಿಯಲ್ಲೇ ಇರುತ್ತಿರಲಿಲ್ಲವೇನೋ.)

ಸೊನ್ನೆಯ ವ್ಯಾಮೋಹದಿಂದ ಆಗುವ ನಿಜವಾದ ನಷ್ಟ ಬೇರೆ ಇದೆ. ದಾಖಲೆ ಕೆಡುತ್ತದೆ ಅಂತ ದೊಡ್ಡ ಪಂದ್ಯಗಳು ನಡೆಯುವುದೇ ಇಲ್ಲ. ನಡೆಯದ ಪಂದ್ಯಕ್ಕೆ ಯಾವ ಸೂತ್ರದಲ್ಲೂ ಕಾಲಮ್ ಇಲ್ಲ. ಹಳೆ ಕಾಲದಲ್ಲಿ ಇದಕ್ಕಿಂತ ಕೆಟ್ಟ ಕಾರಣವೂ ಇತ್ತು. ಚರ್ಮದ ಬಣ್ಣ. ಜಾಕ್ ಜಾನ್ಸನ್ 1908ರಲ್ಲಿ ಸಿಡ್ನಿಯಲ್ಲಿ ಗೆದ್ದು ಮೊದಲ ಕಪ್ಪು ಹೆವಿವೇಟ್ ಚಾಂಪಿಯನ್ ಆದ, 1915ರಲ್ಲಿ ಹವಾನಾದಲ್ಲಿ ಜೆಸ್ ವಿಲ್ಲಾರ್ಡ್ ಕೈಲಿ ಸೋತ. ಆಮೇಲೆ 1937ರಲ್ಲಿ ಜೋ ಲೂಯಿಸ್ ಬರುವವರೆಗೆ, 22 ವರ್ಷ, ಒಬ್ಬ ಕಪ್ಪು ಬಾಕ್ಸರ್‌ಗೂ ಆ ಪಟ್ಟ ಸಿಗಲಿಲ್ಲ. ಹ್ಯಾರಿ ವಿಲ್ಸ್ ವರ್ಷಗಟ್ಟಲೆ ಚಾಂಪಿಯನ್ ಜಾಕ್ ಡೆಂಪ್ಸಿಗಾಗಿ ಕಾದ. ಆ ಪಂದ್ಯ ನಡೆಯಲೇ ಇಲ್ಲ. ಸ್ಯಾಮ್ ಲ್ಯಾಂಗ್‌ಫರ್ಡ್‌ಗೆ ಜಾನ್ಸನ್ ಕೂಡ ಪಟ್ಟದ ಪಂದ್ಯ ಕೊಡಲಿಲ್ಲ. ದೊಡ್ಡ ಬಾಗಿಲು ಮುಚ್ಚಿದ್ದರಿಂದ ವಿಲ್ಸ್ ಮತ್ತು ಲ್ಯಾಂಗ್‌ಫರ್ಡ್ ತಮ್ಮತಮ್ಮಲ್ಲೇ ಹದಿನೈದಕ್ಕೂ ಹೆಚ್ಚು ಸಲ ಹೊಡೆದಾಡಿಕೊಂಡರು. ಇಬ್ಬರು ಗಟ್ಟಿಗರು ಇಷ್ಟು ಸಲ ಭೇಟಿಯಾದರೆ ಇಬ್ಬರ ಲೆಕ್ಕದಲ್ಲೂ ಸೋಲು ಬೀಳಲೇಬೇಕು. ಇವತ್ತು ಆ ದಾಖಲೆ ತೆರೆದು "ಇಷ್ಟೊಂದು ಸೋಲಾ!" ಅನ್ನುವವನು ಆ ಕಾಲದ ಅನ್ಯಾಯವನ್ನೇ ಇನ್ನೊಂದು ಸಲ ಎಣಿಸುತ್ತಿದ್ದಾನೆ.

ದಾಖಲೆಯಲ್ಲಿ ಏನಿದೆ ಅನ್ನುವಷ್ಟೇ ಏನಿಲ್ಲ ಅನ್ನೋದೂ ಮುಖ್ಯ ಅನ್ನುವುದಕ್ಕೆ ನಮ್ಮ ಹತ್ತಿರದ ಸಾಕ್ಷಿ ಭೀಮಾ ದಂಡೆಯ ಸನ್ನತಿ. 1986ರಲ್ಲಿ ಚಂದ್ರಲಾಂಬಾ ದೇವಸ್ಥಾನದ ಆವರಣದ ಕಾಳಿ ಗುಡಿಯ ಚಾವಣಿ ಕುಸಿದಾಗ, ಮೂರ್ತಿಯ ಪೀಠವಾಗಿದ್ದ ಕಲ್ಲೇ ಅಶೋಕನ ಶಾಸನ ಅಂತ ಬೆಳಕಿಗೆ ಬಂತು. ಅದರ ಮೇಲೆ ಇರುವುದು 12ನೇ, 14ನೇ ಶಾಸನದ ಭಾಗಗಳು ಮತ್ತು ಎರಡು ಪ್ರತ್ಯೇಕ ಶಾಸನಗಳು. ಒಂದು ಲಕ್ಷ ಜನ ಸತ್ತರು, ಒಂದೂವರೆ ಲಕ್ಷ ಜನರನ್ನು ಸೆರೆಹಿಡಿದು ಒಯ್ಯಲಾಯಿತು ಅಂತ ಕಳಿಂಗದ ಗೆಲುವನ್ನೇ ಪಶ್ಚಾತ್ತಾಪವಾಗಿ ಬರೆಸಿದ 13ನೇ ಶಾಸನ ಬೇರೆ ಕಡೆಯ ಬಂಡೆಗಳಲ್ಲಿದೆ, ಈ ಕಲ್ಲಿನ ಮೇಲಿಲ್ಲ. ಯುದ್ಧ ನಡೆದ ಕಳಿಂಗದ ಧೌಲಿ, ಜೌಗಡಗಳಲ್ಲೂ ಇಲ್ಲ. ಸನ್ನತಿಯ ಕಲ್ಲೊಂದನ್ನೇ ಓದಿದವನಿಗೆ ಅಶೋಕನ ಅತಿ ದೊಡ್ಡ ಗೆಲುವಿನ ಬೆಲೆ ಎಷ್ಟು ಅಂತ ತಿಳಿಯುವುದೇ ಇಲ್ಲ. ಡೆಂಪ್ಸಿಯ ದಾಖಲೆ ಓದುವಾಗಲೂ ಅಷ್ಟೇ, ಅದರಲ್ಲಿ ಇಲ್ಲದ ವಿಲ್ಸ್ ಹೆಸರು ಬೇರೆ ಕಡೆಯಿಂದ ತಂದು ಓದಬೇಕು.

ವಯಸ್ಸಿನ ಕಾಲಮ್

ಸಾರ್ವಕಾಲಿಕ ಪಟ್ಟಿ ಮಾಡುವಾಗ ಬರುವ ದೊಡ್ಡ ತೊಡಕು, ಬೇರೆ ಬೇರೆ ಕಾಲದವರು ಒಬ್ಬರನ್ನೊಬ್ಬರು ಎದುರಿಸಿಲ್ಲ. ಮಾರ್ಸಿಯಾನೊ ಅಲಿ ಜೊತೆ ಆಡಲಿಲ್ಲ, ಲೂಯಿಸ್ ಟೈಸನ್ ಜೊತೆ ಆಡಲಿಲ್ಲ. ಕಂಪ್ಯೂಟರ್ ಸೈನ್ಸ್‌ನವರು ತಕ್ಷಣ ಹೇಳುತ್ತಾರೆ: ಗ್ರಾಫ್ ಮಾಡ್ರಿ, ಬಾಕ್ಸರ್ ಒಬ್ಬ ನೋಡ್, ಪಂದ್ಯ ಒಂದು ಎಡ್ಜ್, ದಾರಿ ಸಿಕ್ಕೇ ಸಿಗುತ್ತದೆ. ನಿಜ, ಸಿಗುತ್ತದೆ. ಲೂಯಿಸ್ 1951ರಲ್ಲಿ ಮಾರ್ಸಿಯಾನೊ ಜೊತೆ ಆಡಿದ. ಮಾರ್ಸಿಯಾನೊ 1955ರಲ್ಲಿ ಆರ್ಚಿ ಮೂರ್ ಜೊತೆ. ಅದೇ ಮೂರ್ 1962ರಲ್ಲಿ ಅಲಿ ಜೊತೆ (ಆಗಿನ್ನೂ ಅವನ ಹೆಸರು ಕ್ಯಾಸಿಯಸ್ ಕ್ಲೇ). ಅಲಿ 1980ರಲ್ಲಿ ಲ್ಯಾರಿ ಹೋಮ್ಸ್ ಜೊತೆ. ಹೋಮ್ಸ್ 1988ರಲ್ಲಿ ಟೈಸನ್ ಜೊತೆ. ಟೈಸನ್ 2002ರಲ್ಲಿ ಲೆನಾಕ್ಸ್ ಲೂಯಿಸ್ ಜೊತೆ. ಸರಪಳಿ ಪೂರ್ತಿ.

ಈಗ ಆ ಎಡ್ಜ್‌ಗಳ ಮೇಲೆ ವಯಸ್ಸು ಬರೆಯಿರಿ. ಲೂಯಿಸ್ 37, ಮಾರ್ಸಿಯಾನೊ 28. ಮೂರ್ ನಲವತ್ತೈದರ ಆಸುಪಾಸು, ಕ್ಲೇ 20. ಅಲಿ 38, ಹೋಮ್ಸ್ 30. ಹೋಮ್ಸ್ 38, ಟೈಸನ್ 21. ಪಕ್ಕದ ಕೊಂಡಿಗಳನ್ನೂ ನೋಡಿ: 1991ರಲ್ಲಿ ಜಾರ್ಜ್ ಫೋರ್‌ಮನ್ 42, ಎವಾಂಡರ್ ಹೋಲಿಫೀಲ್ಡ್ 28, 2017ರಲ್ಲಿ ವ್ಲಾಡಿಮಿರ್ ಕ್ಲಿಚ್ಕೊ 41, ಆ್ಯಂಥನಿ ಜೋಶುವಾ 27. ಎಲ್ಲದರಲ್ಲೂ ಸೋತದ್ದು ವಯಸ್ಸಾದವನು. ಅಂದರೆ ಎರಡು ತಲೆಮಾರನ್ನು ಜೋಡಿಸುವ ಕೊಂಡಿಗಳು ಹೆಚ್ಚೂ ಕಡಿಮೆ ಎಲ್ಲಾ ಹಳಬರ ಸೋಲುಗಳೇ. ವಯಸ್ಸು ನೋಡದ ಅಲ್ಗಾರಿದಮ್‌ಗೆ ಈ ಡೇಟಾ ಕೊಟ್ಟರೆ ಪ್ರತಿ ತಲೆಮಾರೂ ಹಿಂದಿನದಕ್ಕಿಂತ ಶ್ರೇಷ್ಠ ಅಂತ ಅದು ಹೇಳುತ್ತದೆ. ಅಲ್ಗಾರಿದಮ್ ತಪ್ಪು ಮಾಡಿಲ್ಲ. ಮಾದರಿ ತೆಗೆದ ರೀತಿಯಲ್ಲೇ ವಾಲಿಕೆ ಇದೆ. ಅಪವಾದ ಇಲ್ಲವೇ? ಇದೆ. 2003ರಲ್ಲಿ 37ರ ಲೆನಾಕ್ಸ್ 31ರ ವಿಟಾಲಿ ಕ್ಲಿಚ್ಕೊನನ್ನು ಗೆದ್ದ. ಆದರೆ ಅಲ್ಲಿ ವಿಟಾಲಿಯ ಕಣ್ಣಿನ ಸುತ್ತ ಆದ ಗಾಯದಿಂದ ವೈದ್ಯರು ಪಂದ್ಯ ನಿಲ್ಲಿಸಿದರು, ಆಗ ತೀರ್ಪುಗಾರರ ಲೆಕ್ಕದಲ್ಲಿ ಮುಂದಿದ್ದವನು ವಿಟಾಲಿಯೇ. ಅವನ ಇನ್ನೊಂದು ಸೋಲು, 2000ರಲ್ಲಿ ಕ್ರಿಸ್ ಬರ್ಡ್ ಎದುರು, ಭುಜದ ಗಾಯದಿಂದ ಮಧ್ಯದಲ್ಲೇ ಬಿಟ್ಟದ್ದು, ಅಲ್ಲೂ ಮುಂದಿದ್ದ. 45–2 ಅನ್ನುವಾಗ ಆ 2 ಅನ್ನುವ ಅಂಕಿ ಇದ್ಯಾವುದನ್ನೂ ಹೇಳೋದಿಲ್ಲ.

ಈ ಕಾರಣಕ್ಕೆ ಪಟ್ಟಿ ಮಾಡುವವರು ಯಾವ ರೇಟಿಂಗ್ ತೆಗೆದುಕೊಳ್ಳಬೇಕು ಅಂತ ಮೊದಲೇ ನಿರ್ಧರಿಸಬೇಕು: ನಿವೃತ್ತಿಯ ದಿನದ್ದೋ, ಶಿಖರದ್ದೋ? ನಿವೃತ್ತಿಯ ದಿನದ್ದು ಅಂದರೆ ಬೇಗ ಬಿಟ್ಟವನಿಗೆ ಲಾಭ. ಮಾರ್ಸಿಯಾನೊ 32ಕ್ಕೆ ಬಿಟ್ಟ. ಹೋಮ್ಸ್ 48–0 ಇದ್ದಾಗ, 1985ರ ಸೆಪ್ಟೆಂಬರ್ 21ರಂದು, ಮೈಕೆಲ್ ಸ್ಪಿಂಕ್ಸ್ ಕೈಲಿ ಸೋತ. ಗೆದ್ದಿದ್ದರೆ 49–0. ಮಾರ್ಸಿಯಾನೊನ ಕೊನೆಯ ಪಂದ್ಯ ನಡೆದದ್ದು ಸರಿಯಾಗಿ 30 ವರ್ಷದ ಹಿಂದೆ ಅದೇ ತಾರೀಖು! ಹೋಮ್ಸ್ ಆಮೇಲೂ ಆಡುತ್ತಲೇ ಇದ್ದು 69–6ಕ್ಕೆ ಮುಗಿಸಿದ. ಆರೂ ಸೋಲು 35 ದಾಟಿದ ಮೇಲೆ ಬಂದವು. ಅವನನ್ನು ಸಾಮಾನ್ಯವಾಗಿ ಪಟ್ಟಿಯಲ್ಲಿ ಇಡುವ ಜಾಗ ನನಗೆ ಯಾವಾಗಲೂ ಕಡಿಮೆ ಅನಿಸುತ್ತದೆ.

ಹಾಗಂತ ವಯಸ್ಸಾದ ಮೇಲಿನ ಸೋಲು ಲೆಕ್ಕಕ್ಕಿಲ್ಲ ಅಂತ ಕೈತೊಳೆದುಕೊಳ್ಳುವುದು ನಮಗೆ, ಪಟ್ಟಿ ಮಾಡುವವರಿಗೆ, ಸುಲಭ. ಆಡಿದವನಿಗೆ ಅದು ಬಹಳ ದುಬಾರಿ. ಲೂಯಿಸ್ 1949ರಲ್ಲಿ ನಿವೃತ್ತನಾಗಿದ್ದವನು, ಆದಾಯ ತೆರಿಗೆಯ ಸಾಲ ತೀರಿಸಲು 1950ರಲ್ಲಿ ವಾಪಸ್ ಬಂದ. ಮೂರು ಸೋಲಿನಲ್ಲಿ ಎರಡು ಆ ವಾಪಸಾತಿಯವು. 1980ರ ಅಕ್ಟೋಬರ್ 2ರಂದು ಹೋಮ್ಸ್ ಎದುರು ಅಲಿ ಹತ್ತು ಸುತ್ತು ಬರೀ ಹೊಡೆತ ತಿಂದ. ಹನ್ನೊಂದನೆಯದಕ್ಕೆ ಅವನ ಕಡೆಯವರೇ ಬಿಡಲಿಲ್ಲ. ಇಡೀ ವೃತ್ತಿಜೀವನದಲ್ಲಿ ಅಲಿಯ ಪಂದ್ಯ ಹಾಗೆ ಅರ್ಧಕ್ಕೆ ನಿಂತದ್ದು ಅದೊಂದೇ ಸಲ. ಮರುವರ್ಷ ಟ್ರೆವರ್ ಬರ್ಬಿಕ್ ಕೈಲಿ ಮತ್ತೊಂದು ಸೋಲು. 1984ರಲ್ಲಿ ಪಾರ್ಕಿನ್ಸನ್ ಕಾಯಿಲೆ ಪತ್ತೆಯಾಯಿತು. ರ‍್ಯಾಂಕಿಂಗ್‌ನಲ್ಲಿ ಈ ಎರಡು ಸೋಲಿನಿಂದ ಅಲಿ ಒಂದು ಜಾಗವೂ ಇಳಿದಿಲ್ಲ.

ಮರುಪಂದ್ಯ

ಸೋಲಿನ ತೂಕ ಬದಲಿಸುವ ಇನ್ನೊಂದು ಸಂಗತಿ ಸೋತವನು ಆಮೇಲೆ ಏನು ಮಾಡಿದ ಅನ್ನೋದು. ಲೂಯಿಸ್ 1936ರ ಜೂನ್ 19ರಂದು ಜರ್ಮನಿಯ ಮ್ಯಾಕ್ಸ್ ಶ್ಮೆಲಿಂಗ್ ಕೈಲಿ 12ನೇ ಸುತ್ತಿನಲ್ಲಿ ನಾಕೌಟ್ ಆದ. ಲೂಯಿಸ್ ಎಡಗೈ ಜ್ಯಾಬ್ ಹೊಡೆದ ಮೇಲೆ ಆ ಕೈಯನ್ನು ಕೆಳಗೆ ಇಳಿಸುತ್ತಾನೆ ಅಂತ ಶ್ಮೆಲಿಂಗ್ ಮೊದಲೇ ಗಮನಿಸಿದ್ದ. ಆ ಸಂದಿಯಲ್ಲಿ ಬಲಗೈ ಹಾಕುತ್ತಲೇ ಹೋದ. ಎರಡು ವರ್ಷದ ನಂತರ, 1938ರ ಜೂನ್ 22ರಂದು, ಅದೇ ಯಾಂಕಿ ಸ್ಟೇಡಿಯಂನಲ್ಲಿ ಲೂಯಿಸ್ 124 ಸೆಕೆಂಡಿನಲ್ಲಿ ಲೆಕ್ಕ ಚುಕ್ತಾ ಮಾಡಿದ. ಅಲಿ ಕೂಡ ಜೋ ಫ್ರೇಜಿಯರ್ ಕೈಲಿ 1971ರಲ್ಲಿ, ಕೆನ್ ನಾರ್ಟನ್ ಕೈಲಿ 1973ರಲ್ಲಿ, ಲಿಯಾನ್ ಸ್ಪಿಂಕ್ಸ್ ಕೈಲಿ 1978ರಲ್ಲಿ ಸೋತು ಮೂವರನ್ನೂ ಆಮೇಲೆ ಗೆದ್ದ. ಲೆನಾಕ್ಸ್ ಸೋತದ್ದು ಎರಡೇ ಸಲ, 1994ರಲ್ಲಿ ಆಲಿವರ್ ಮೆಕಾಲ್, 2001ರಲ್ಲಿ ಹಸೀಮ್ ರಹಮಾನ್ ಕೈಲಿ. ಇಬ್ಬರಿಗೂ ಮರುಪಂದ್ಯದಲ್ಲಿ ಉತ್ತರ ಕೊಟ್ಟ. ಹೋಲಿಫೀಲ್ಡ್ ಜೊತೆ ಡ್ರಾ ಆಗಿದ್ದನ್ನೂ 1999ರಲ್ಲೇ ಮತ್ತೆ ಆಡಿ ಗೆದ್ದ. ಎದುರಿಗೆ ಬಂದ ಪ್ರತಿಯೊಬ್ಬನನ್ನೂ ಗೆದ್ದು ನಿವೃತ್ತನಾದ ಅಂತ ಅವನ ಬಗ್ಗೆ ಹೇಳಬಹುದು. ಸೊನ್ನೆಗಿಂತ ಇದು ನನಗೆ ದೊಡ್ಡದಾಗಿ ಕಾಣುತ್ತದೆ. ಟೈಸನ್ ಮಾತ್ರ ತನ್ನನ್ನು ಸೋಲಿಸಿದ ಒಬ್ಬರನ್ನೂ ತಿರುಗಿ ಸೋಲಿಸಲಿಲ್ಲ. ಹೋಲಿಫೀಲ್ಡ್ ಜೊತೆ ಅವಕಾಶ ಸಿಕ್ಕಿತ್ತು, 1997ರಲ್ಲಿ ಕಿವಿ ಕಚ್ಚಿ ಅನರ್ಹನಾದ.

ಎಲೋ ಸೂತ್ರಕ್ಕೆ ಮರುಪಂದ್ಯ ಅಂತ ವಿಶೇಷವಾಗಿ ಗೊತ್ತಾಗೋದಿಲ್ಲ. ಆದರೂ ಒಂದು ಮಜಾ ಇದೆ. ಇಬ್ಬರೂ 2000 ಅಂಕದಲ್ಲಿ ಶುರು ಮಾಡಿದರು ಅನ್ನಿ. ನಾವು ಸೋತು 1984, ಅವನು 2016. ಮರುಪಂದ್ಯದಲ್ಲಿ ನಮ್ಮ ನಿರೀಕ್ಷೆ 0.454ಕ್ಕೆ ಇಳಿದಿರುತ್ತದೆ, ಹಾಗಾಗಿ ಗೆದ್ದರೆ ಸಿಗೋದು 16 ಅಲ್ಲ, 17.5. ಕೊನೆಗೆ ನಾವು 2001.5. ಮೊದಲು ಗೆದ್ದು ಆಮೇಲೆ ಸೋತಿದ್ದರೆ 1998.5. ಎರಡೂ ಕಡೆ 1–1, ಆದರೆ ಕ್ರಮ ಬದಲಾದದ್ದಕ್ಕೆ ಮೂರು ಅಂಕ ವ್ಯತ್ಯಾಸ. ಮನುಷ್ಯರು ಈ ವ್ಯತ್ಯಾಸವನ್ನು ಇನ್ನೂ ಹಿಗ್ಗಿಸಿ ನೋಡುತ್ತಾರೆ, ಅದಕ್ಕೆ ಕಾರಣವೂ ಇದೆ. ಮರುಪಂದ್ಯದಲ್ಲಿ ಎದುರಾಳಿ ಅವನೇ, ಕಾಲ ಹೆಚ್ಚೂಕಡಿಮೆ ಅದೇ, ಬದಲಾದದ್ದು ಸೋತವನ ತಯಾರಿ ಮಾತ್ರ. ಪ್ರಯೋಗಾಲಯದ ಭಾಷೆಯಲ್ಲಿ ಹೇಳಬೇಕಂದರೆ ಉಳಿದ ವೇರಿಯಬಲ್‌ಗಳನ್ನು ಸ್ಥಿರ ಇಟ್ಟು ಮಾಡಿದ ಅಳತೆ.

ಉಲ್ಟಾ ಕ್ರಮಕ್ಕೆ ನಮ್ಮವರದೇ ಉದಾಹರಣೆ ಬ್ಯಾಡ್ಮಿಂಟನ್‌ನಲ್ಲಿದೆ. ಪ್ರಕಾಶ್ ಪಡುಕೋಣೆ 1980ರ ಆಲ್ ಇಂಗ್ಲೆಂಡ್ ಫೈನಲ್‌ನಲ್ಲಿ ಇಂಡೋನೇಷ್ಯಾದ ಲಿಯೆಮ್ ಸ್ವೀ ಕಿಂಗ್‌ನನ್ನು ಗೆದ್ದರು, 1981ರ ಫೈನಲ್‌ನಲ್ಲಿ ಅದೇ ಕಿಂಗ್ ಕೈಲಿ ಸೋತರು. ಕಿಂಗ್‌ನಂಥ ಆಟಗಾರನ ಎದುರು ಎರಡನೇ ವರ್ಷವೂ ಫೈನಲ್ ತಲುಪಿದ್ದು ಅವರ ಸ್ಥಾನ ಗಟ್ಟಿ ಮಾಡಿತೇ ಹೊರತು ಸಡಿಲ ಮಾಡಲಿಲ್ಲ.

ಇಷ್ಟೆಲ್ಲ ಯಾಕೆ ಬೇಕು ಅಂತ ಆರನೇ ಸೆಮಿಸ್ಟರ್‌ನವರು ಕೇಳೋದಿಲ್ಲ ಅಂದುಕೊಂಡಿದ್ದೇನೆ. ಪ್ಲೇಸ್‌ಮೆಂಟ್ ಫಾರ್ಮ್‌ನಲ್ಲಿ "ಬ್ಯಾಕ್‌ಲಾಗ್ ಈಗ ಇದೆಯೇ" ಅಂತ ಒಂದು ಖಾನೆ, "ಹಿಂದೆ ಎಂದಾದರೂ ಇತ್ತೇ" ಅಂತ ಇನ್ನೊಂದು ಖಾನೆ ನೋಡಿರುತ್ತೀರಿ. ಎರಡನೆಯದು ಮಾರ್ಸಿಯಾನೊ ಫಿಲ್ಟರ್. ಮೂರನೇ ಸೆಮ್‌ನ ಗಣಿತದಲ್ಲಿ ಬಿದ್ದು, ನಾಲ್ಕನೆಯದರಲ್ಲಿ ಅದನ್ನು ಒಳ್ಳೆ ಅಂಕದಲ್ಲಿ ಪಾಸ್ ಮಾಡಿದವನೂ, ಕಷ್ಟದ ಎಲೆಕ್ಟಿವ್ ಕಡೆ ತಲೆಯೇ ಹಾಕದೆ ಸೊನ್ನೆ ಉಳಿಸಿಕೊಂಡವನೂ ಆ ಖಾನೆಯಲ್ಲಿ ಅದಲುಬದಲಾಗಿ ಕಾಣುತ್ತಾರೆ. ಸಾವಿರಾರು ಅರ್ಜಿ ಬೇಗ ಜರಡಿ ಹಿಡಿಯಲು ಫಿಲ್ಟರ್ ಬೇಕು ಅನ್ನೋದು ಒಪ್ಪತಕ್ಕದ್ದೇ. ಆದರೆ ಆ ಫಿಲ್ಟರ್‌ಗೆ ಅಲಿ, ಲೂಯಿಸ್, ಲೆನಾಕ್ಸ್ ಮೂವರೂ ಸಿಗೋದಿಲ್ಲ.

ಇನ್ನು ನನ್ನ ಪಟ್ಟಿ. ಅಲಿ ಮೊದಲು. ಸೋಲಿಸಿದವರ ಹೆಸರುಗಳು ಸೋತ ಸಂಖ್ಯೆಗಿಂತ ಬಹಳ ಭಾರ: ಸನ್ನಿ ಲಿಸ್ಟನ್, ಫ್ರೇಜಿಯರ್, ಫೋರ್‌ಮನ್, ನಾರ್ಟನ್. ಅದೂ 1967ರಿಂದ 1970ರವರೆಗೆ ಆಟದಿಂದಲೇ ಹೊರಗಿಟ್ಟ ಮೇಲೆ. ಲೂಯಿಸ್ ಎರಡನೆಯವ, 25 ಸಲ ಪಟ್ಟ ಉಳಿಸಿಕೊಂಡದ್ದಕ್ಕೆ. ಮೂರು, ನಾಲ್ಕು ಲೆನಾಕ್ಸ್ ಮತ್ತು ಹೋಮ್ಸ್. ಐದಕ್ಕೆ ಮಾರ್ಸಿಯಾನೊ, ಅವನ ಪಕ್ಕದಲ್ಲೇ ಫೋರ್‌ಮನ್. ಒಲೆಕ್ಸಾಂಡರ್ ಉಸಿಕ್ ಇನ್ನೂ ಸೋತಿಲ್ಲ. ಟೈಸನ್ ಫ್ಯೂರಿಯನ್ನು 2024ರಲ್ಲೇ ಎರಡು ಸಲ ಸೋಲಿಸಿದ ಅವನ ಸೊನ್ನೆ ಆರಿಸಿ ತಿಂದ ಸೊನ್ನೆ ಅಲ್ಲ, ಅವನಿಗೆ ಜಾಗ ಬಿಟ್ಟಿದ್ದೇನೆ. ಈ ಪಟ್ಟಿ ಒಪ್ಪದವರು ಜಗಳಕ್ಕೆ ಬರೋದಕ್ಕಿಂತ ಒಂದು ಕೆಲಸ ಮಾಡಿ. ಮೇಲಿನ ಸೂತ್ರಕ್ಕೆ ಇಪ್ಪತ್ತು ಸಾಲಿನ ಪೈಥಾನ್ ಸಾಕು. ಒಂದು ಸಲ ವಯಸ್ಸಿಲ್ಲದೆ ಓಡಿಸಿ, ಇನ್ನೊಂದು ಸಲ 35 ದಾಟಿದವನ ಸೋಲಿಗೆ ಅರ್ಧ ತೂಕ ಕೊಟ್ಟು ಓಡಿಸಿ. ಎರಡು ಪಟ್ಟಿಯಲ್ಲಿ ಯಾರ ಜಾಗ ಹೆಚ್ಚು ಬದಲಾಯಿತು ಅಂತ ಕ್ಲಬ್‌ಗೆ ಬರೆದು ಕಳಿಸಿ. ಹೋಮ್ಸ್ ಅಂತ ನನ್ನ ಬಾಜಿ.